ಜೈವಿಕ ತಂತ್ರಜ್ಞಾನ ಮತ್ತು ಆರೋಗ್ಯ ವಿಜ್ಞಾನಗಳಲ್ಲಿ ಸಂಶೋಧನಾ ಹುದ್ದೆ: ಹುಡುಕುವ ಕ್ರಮ, ತೂಗಿ ನೋಡುವ ಕ್ರಮ

ರಾಜ್ಯದ ವ್ಯಾಪಾರಿಗಳು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಜೈವಿಕ ತಂತ್ರಜ್ಞಾನ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧ ವಿಜ್ಞಾನ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಪಡೆದ ಮಕ್ಕಳಿರುವುದು ಈಗ ವಿಶೇಷವೇನಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆ ಆರಂಭವಾಯಿತು. 1986ರಲ್ಲಿ ಕೇಂದ್ರ ಸರ್ಕಾರವು ಜೈವಿಕ ತಂತ್ರಜ್ಞಾನಕ್ಕೆ ಪ್ರತ್ಯೇಕ ಇಲಾಖೆಯನ್ನೇ ರಚಿಸಿತು. 2001ರಲ್ಲಿ ಕರ್ನಾಟಕವು ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಇವುಗಳ ಬೆನ್ನಲ್ಲೇ ರಾಜ್ಯದ ಕಾಲೇಜುಗಳಲ್ಲಿ ಈ ವಿಷಯದ ಕೋರ್ಸುಗಳು ಹಬ್ಬಿದವು. ಓದಿದವರ ಸಂಖ್ಯೆಯೂ ಬೆಳೆಯಿತು.

ಪದವಿ ಕೈಗೆ ಬಂದ ಮೇಲೆ ಕುಟುಂಬದ ಮುಂದೆ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಸಂಶೋಧನೆಯ ಕೆಲಸ ಎಲ್ಲಿ ಸಿಗುತ್ತದೆ, ಎಷ್ಟು ಕಾಲ ಇರುತ್ತದೆ, ಅದರಿಂದ ಸ್ಥಿರ ಜೀವನಕ್ಕೆ ದಾರಿಯಾಗುವುದೇ ಎಂಬುದಕ್ಕೆ ಉತ್ತರ ಹೇಳಬಲ್ಲವರು ಮನೆಯಲ್ಲಿರುವುದಿಲ್ಲ. ಬ್ಯಾಂಕು, ಸಾಫ್ಟ್‌ವೇರ್, ಸರ್ಕಾರಿ ನೌಕರಿಗಳ ದಾರಿ ಬಂಧುಬಳಗದಲ್ಲಿ ಹತ್ತು ಜನರಿಗೆ ತಿಳಿದಿರುತ್ತದೆ. ಪ್ರಯೋಗಾಲಯದ ದಾರಿ ತಿಳಿದಿರುವುದು ಅಪರೂಪ. ಹೀಗಾಗಿ ಮೊದಲು ಸಿಕ್ಕಿದ ಹುದ್ದೆಯನ್ನು ಒಪ್ಪಿಕೊಂಡು, ನಾಲ್ಕೈದು ವರ್ಷಗಳ ಅನಂತರ ಕೈಯಲ್ಲಿ ಉನ್ನತ ಪದವಿಯೂ ಇಲ್ಲ, ಖಾಯಂ ಕೆಲಸವೂ ಇಲ್ಲ ಎಂಬ ಸ್ಥಿತಿಗೆ ತಲುಪುವ ಯುವಕ ಯುವತಿಯರಿದ್ದಾರೆ. ಯಾವುದೇ ವ್ಯವಹಾರಕ್ಕೆ ಕೈಹಾಕುವ ಮುನ್ನ ವ್ಯಾಪಾರಿಯು ಸಹಜವಾಗಿ ಕೇಳುವ ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಹಣ ಯಾರದು? ಅವಧಿ ಎಷ್ಟು? ಅವಧಿ ಮುಗಿದ ಮೇಲೆ ಕೈಯಲ್ಲಿ ಉಳಿಯುವುದೇನು?

ಒಂದೇ ಹೆಸರು, ನಾಲ್ಕು ಮೆಟ್ಟಿಲು

ಶೈಕ್ಷಣಿಕ ಸಂಶೋಧನಾ ಹುದ್ದೆ ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಕೆಲಸಗಳಿವೆ.

ಮೊದಲನೆಯದು ಯೋಜನಾ ಸಿಬ್ಬಂದಿಯ ಹುದ್ದೆ. ವಿಜ್ಞಾನಿಯೊಬ್ಬರಿಗೆ ಸರ್ಕಾರದ ಯಾವುದಾದರೂ ಇಲಾಖೆಯಿಂದ ಸಾಮಾನ್ಯವಾಗಿ ಮೂರು ವರ್ಷಗಳಿಗೆ ಅನುದಾನ ಮಂಜೂರಾಗುತ್ತದೆ. ಆ ಅನುದಾನದಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಮೊದಲಾದ ಹೆಸರಿನಲ್ಲಿ ನೇಮಕ ನಡೆಯುತ್ತದೆ. ಎಂ.ಎಸ್ಸಿ. ಅಥವಾ ಎಂ.ಟೆಕ್. ಮುಗಿಸಿದವರಿಗೆ ಬೇಗ ದೊರೆಯುವುದು ಇದೇ.

ಎರಡನೆಯದು ಪಿಎಚ್.ಡಿ. ವಿದ್ಯಾರ್ಥಿಗೆ ದೊರೆಯುವ ಸಂಶೋಧನಾ ಫೆಲೋಶಿಪ್. ಮೊದಲ ಎರಡು ವರ್ಷ ಕಿರಿಯ ಸಂಶೋಧನಾ ಫೆಲೋ, ಅಂದರೆ ಜೆಆರ್‌ಎಫ್. ಬಳಿಕ ಪ್ರಗತಿಯನ್ನು ಪರಿಶೀಲಿಸಿ ಹಿರಿಯ ಸಂಶೋಧನಾ ಫೆಲೋ, ಅಂದರೆ ಎಸ್‌ಆರ್‌ಎಫ್. ಒಟ್ಟು ಅವಧಿ ಐದು ವರ್ಷ.

ಮೂರನೆಯದು ಪಿಎಚ್.ಡಿ. ಪದವಿಯ ಅನಂತರದ ಹುದ್ದೆ. ಇದನ್ನು ಪೋಸ್ಟ್ ಡಾಕ್ಟರಲ್ ಫೆಲೋ ಅಥವಾ ರಿಸರ್ಚ್ ಅಸೋಸಿಯೇಟ್ ಎಂದು ಕರೆಯುತ್ತಾರೆ. ಇದೂ ಎರಡು ಮೂರು ವರ್ಷಗಳ ಅವಧಿಯದೇ.

ನಾಲ್ಕನೆಯದು ಖಾಯಂ ಹುದ್ದೆ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ, ಸಿಎಸ್‌ಐಆರ್ ಪ್ರಯೋಗಾಲಯದ ವಿಜ್ಞಾನಿ ಮೊದಲಾದವು ಈ ಗುಂಪಿಗೆ ಸೇರುತ್ತವೆ. 7ನೇ ಕೇಂದ್ರ ವೇತನ ಆಯೋಗದ ಶ್ರೇಣಿಯಂತೆ ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ಸಿಎಸ್‌ಐಆರ್ ವಿಜ್ಞಾನಿಯದು 67,700 ರೂಪಾಯಿ. ಭತ್ಯೆಗಳು ಪ್ರತ್ಯೇಕ.

ಮೊದಲ ಮೂರು ಮೆಟ್ಟಿಲುಗಳಲ್ಲಿ ಯಾವುದೂ ಖಾಯಂ ಅಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಎಷ್ಟು ವರ್ಷ ನಿಂತರೂ ಅದು ತಾನಾಗಿ ಮೇಲಿನದಕ್ಕೆ ಒಯ್ಯುವುದಿಲ್ಲ. ಪ್ರತಿ ಮೆಟ್ಟಿಲಿಗೂ ಹೊಸ ಅರ್ಜಿ, ಹೊಸ ಆಯ್ಕೆ ಇರುತ್ತದೆ. ಈ ಒಂದು ಸಂಗತಿಯನ್ನು ಕುಟುಂಬವು ಮೊದಲೇ ಮನಗಂಡರೆ ಮುಂದಿನ ನಿರಾಶೆಗಳು ಅರ್ಧದಷ್ಟು ಕಡಿಮೆಯಾಗುತ್ತವೆ.

ಹಣ ಯಾರದು?

ಫೆಲೋಶಿಪ್ಪಿಗೂ ಯೋಜನಾ ವೇತನಕ್ಕೂ ಇರುವ ಅಂತರವನ್ನು ಸ್ವಂತ ಬಂಡವಾಳಕ್ಕೂ ಗುತ್ತಿಗೆ ಕೆಲಸಕ್ಕೂ ಇರುವ ಅಂತರಕ್ಕೆ ಹೋಲಿಸಬಹುದು.

ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪಡೆದ ಫೆಲೋಶಿಪ್ ಅಭ್ಯರ್ಥಿಯದು. ಅದನ್ನು ಹಿಡಿದುಕೊಂಡು ತನಗೆ ಒಪ್ಪುವ ವಿಷಯ, ಒಪ್ಪುವ ಮಾರ್ಗದರ್ಶಕರು, ಒಪ್ಪುವ ಸಂಸ್ಥೆಯನ್ನು ಆತ ಅಥವಾ ಆಕೆ ಹುಡುಕಬಹುದು. ಇಂತಹ ಅಭ್ಯರ್ಥಿಯಿಂದ ಪ್ರಯೋಗಾಲಯಕ್ಕೆ ಸಂಬಳದ ಹೊರೆ ಬೀಳುವುದಿಲ್ಲವಾದ್ದರಿಂದ ವಿಜ್ಞಾನಿಗಳು ಆದ್ಯತೆ ನೀಡುವುದು ಸಹಜ.

ಯೋಜನಾ ವೇತನದ ಹಣ ಯೋಜನೆಯದು. ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಮುಂದುವರಿಸುವಂತೆ ಅಥವಾ ಖಾಯಂಗೊಳಿಸುವಂತೆ ಕೋರುವ ಹಕ್ಕು ಇರುವುದಿಲ್ಲವೆಂದು ನೇಮಕಾತಿ ಪ್ರಕಟಣೆಯಲ್ಲಿಯೇ ನಮೂದಿಸಿರುತ್ತಾರೆ. ಯೋಜನೆಯಲ್ಲಿ ದುಡಿದ ಮಾತ್ರಕ್ಕೆ ಪಿಎಚ್.ಡಿ. ನೋಂದಣಿಯೂ ಆಗುವುದಿಲ್ಲ. ಕೆಲವು ಸಂಸ್ಥೆಗಳು ಯೋಜನೆಯ ಜೆಆರ್‌ಎಫ್‌ಗಳಿಗೆ ನೋಂದಣಿಯ ಅವಕಾಶ ನೀಡುತ್ತವೆ, ಕೆಲವು ನೀಡುವುದಿಲ್ಲ. ಸೇರುವ ಮುನ್ನವೇ ಇದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆಯ ಮೇಲೆ ಸರಕು ಕಳುಹಿಸದ ವ್ಯಾಪಾರಿಯು ಮಕ್ಕಳ ಮೂರು ವರ್ಷಗಳ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರ ವಹಿಸುವುದು ಉಚಿತವಲ್ಲ.

ಹಾಗೆಂದು ಯೋಜನಾ ಹುದ್ದೆಯನ್ನು ಕೀಳೆಂದು ಭಾವಿಸಬೇಕಾಗಿಲ್ಲ. ಒಂದೆರಡು ವರ್ಷ ಉತ್ತಮ ಪ್ರಯೋಗಾಲಯದಲ್ಲಿ ದುಡಿದವರಿಗೆ ಕೈಕೆಲಸ ಬರುತ್ತದೆ, ಪ್ರಬಂಧದಲ್ಲಿ ಹೆಸರು ಸೇರಬಹುದು, ಬಲವಾದ ಶಿಫಾರಸು ಪತ್ರ ದೊರೆಯಬಹುದು. ಸಂಶೋಧನೆ ತನಗೆ ಒಗ್ಗುವುದೇ ಎಂಬುದೂ ತಿಳಿಯುತ್ತದೆ. ಒಂದರ ಹಿಂದೊಂದರಂತೆ ಮೂರು ನಾಲ್ಕು ಯೋಜನೆಗಳಲ್ಲಿ ಪಿಎಚ್.ಡಿ. ನೋಂದಣಿಯಿಲ್ಲದೆ ಕಳೆದುಹೋಗುವುದೇ ಅಪಾಯ. ಫೆಲೋಶಿಪ್ ಪರೀಕ್ಷೆಗಳಿಗೆ ವಯೋಮಿತಿಯಿದೆ. ಸಿಎಸ್‌ಐಆರ್ ವಿಜ್ಞಾನಿ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷಗಳ ಗರಿಷ್ಠ ಮಿತಿಯಿದೆ. ಕಳೆದ ವರ್ಷಗಳು ಮರಳಿ ಬರುವುದಿಲ್ಲ.

ಅರ್ಹತಾ ಪರೀಕ್ಷೆಗಳು

ಈ ಕ್ಷೇತ್ರದ ಮುಖ್ಯ ಬಾಗಿಲು ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ. ಅದರ ಐದು ವಿಷಯಗಳಲ್ಲಿ ಜೀವವಿಜ್ಞಾನ ಒಂದು. ಪರೀಕ್ಷೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ನಡೆಸಲಾಗುತ್ತದೆ. 2024ರಲ್ಲಿ ಯುಜಿಸಿ ಹೊರಡಿಸಿದ ಪ್ರಕಟಣೆಯ ಅನಂತರ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಕೊಡುವ ಪದ್ಧತಿ ಬಂದಿದೆ: ಜೆಆರ್‌ಎಫ್ ಸಹಿತ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆ ಹಾಗೂ ಪಿಎಚ್.ಡಿ. ಪ್ರವೇಶದ ಅರ್ಹತೆ, ಮತ್ತು ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ನೆಟ್ ಪಾಸಾಗಿದೆ ಎಂದ ಕೂಡಲೇ ಶಿಷ್ಯವೇತನವೂ ಬಂದಿತೆಂದು ಭಾವಿಸಬಾರದು. ಯಾವ ವರ್ಗದಲ್ಲಿ ಎಂಬುದನ್ನು ವಿಚಾರಿಸಬೇಕು. ಶಿಷ್ಯವೇತನ ಇರುವುದು ಮೊದಲ ವರ್ಗಕ್ಕೆ.

ಜೈವಿಕ ತಂತ್ರಜ್ಞಾನ ಇಲಾಖೆಯು ಡಿಬಿಟಿ-ಜೆಆರ್‌ಎಫ್ ನೀಡುತ್ತದೆ. ಇದರಲ್ಲಿ ಎರಡು ವರ್ಗಗಳಿವೆ. ಮೊದಲ ವರ್ಗದವರಿಗೆ ಸ್ವತಂತ್ರ ಫೆಲೋಶಿಪ್. ಎರಡನೆಯ ವರ್ಗದವರು ಇಲಾಖೆಯು ಅನುದಾನ ನೀಡಿದ ಯೋಜನೆಗಳಲ್ಲಿ ಸೇರಲು ಅರ್ಹರು. ಸ್ವಂತ ಬಂಡವಾಳ ಮತ್ತು ಗುತ್ತಿಗೆಯ ಅಂತರ ಒಂದೇ ಪರೀಕ್ಷೆಯ ಫಲಿತಾಂಶದಲ್ಲಿ ಇಲ್ಲಿ ಕಾಣಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಆರೋಗ್ಯ ಸಂಶೋಧನೆಗೆ ಜೆಆರ್‌ಎಫ್ ನೀಡುತ್ತ ಬಂದಿದೆ. ಗೇಟ್ ಪರೀಕ್ಷೆಯಲ್ಲಿ ಜೈವಿಕ ತಂತ್ರಜ್ಞಾನ ಮತ್ತು ಜೀವವಿಜ್ಞಾನದ ಪತ್ರಿಕೆಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಅಂದರೆ ಎನ್‌ಸಿಬಿಎಸ್, ಹಾಗೂ ಅದರೊಡನೆ ಸೇರಿದ ಇತರ ಸಂಸ್ಥೆಗಳ ಪ್ರವೇಶಕ್ಕೆ ಜೆಜಿಬಿಲ್ಸ್ ಎಂಬ ಪರೀಕ್ಷೆಯಿದೆ.

ಒಂದೇ ಪರೀಕ್ಷೆಯನ್ನು ನಂಬಿ ಕುಳಿತುಕೊಳ್ಳುವುದು ಸರಿಯಲ್ಲ. 2024ರ ಜೂನ್‌ನಲ್ಲಿ ನಡೆಯಬೇಕಾಗಿದ್ದ ಸಿಎಸ್‌ಐಆರ್-ಯುಜಿಸಿ ನೆಟ್ ಮುಂದೂಡಲ್ಪಟ್ಟು ಜುಲೈ ಕೊನೆಯ ವಾರದಲ್ಲಿ ನಡೆಯಿತು. ಇಂತಹ ಏರುಪೇರುಗಳಿಂದ ಪ್ರವೇಶದ ಋತುವೇ ಕೈತಪ್ಪಬಹುದು. ಪಠ್ಯವಿಷಯ ಬಹುಪಾಲು ಸಮಾನವಾಗಿರುವುದರಿಂದ ಎರಡು ಮೂರು ಪರೀಕ್ಷೆಗಳಿಗೆ ಏಕಕಾಲದಲ್ಲಿ ಸಿದ್ಧರಾಗುವುದು ಕಷ್ಟವೇನಲ್ಲ.

ಬೋಧನೆಯತ್ತ ಒಲವಿರುವವರಿಗೆ ಕರ್ನಾಟಕ ರಾಜ್ಯ ಅರ್ಹತಾ ಪರೀಕ್ಷೆ, ಅಂದರೆ ಕೆ-ಸೆಟ್ ಇದೆ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ಈ ಪರೀಕ್ಷೆಯ ಹೊಣೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಹಿಸಿಕೊಂಡಿದೆ. 2023ರಲ್ಲಿ ಯುಜಿಸಿ ಮಾಡಿದ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಆದರೆ ಸ್ವಂತ ಪ್ರಯೋಗಾಲಯ ನಡೆಸಬೇಕೆಂಬ ಗುರಿಯುಳ್ಳವರಿಗೆ ಪಿಎಚ್.ಡಿ. ಇಲ್ಲದೆ ದಾರಿಯಿಲ್ಲ.

ಎಲ್ಲಿ ಹುಡುಕಬೇಕು?

ಈ ಕ್ಷೇತ್ರದಲ್ಲಿ ರಾಜ್ಯದವರಿಗೆ ಇರುವ ಅನುಕೂಲ ದೊಡ್ಡದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್, ಇನ್‌ಸ್ಟೆಮ್, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನಿಮ್ಹಾನ್ಸ್, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಐಬಿಎಬಿ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇವೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಹಾಗೂ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯಗಳಿವೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯಿದೆ. ಮಣಿಪಾಲ, ಮಂಗಳೂರು, ಧಾರವಾಡಗಳ ವಿಶ್ವವಿದ್ಯಾನಿಲಯಗಳಲ್ಲಿ ಜೀವವಿಜ್ಞಾನದ ವಿಭಾಗಗಳಿವೆ. ಕೃಷಿ ಜೈವಿಕ ತಂತ್ರಜ್ಞಾನ ಓದಿದವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಮೊದಲಾದ ಐಸಿಎಆರ್ ಸಂಸ್ಥೆಗಳೂ ಕೃಷಿ ವಿಶ್ವವಿದ್ಯಾನಿಲಯಗಳೂ ಇವೆ.

ಯೋಜನಾ ಹುದ್ದೆಗಳ ಪ್ರಕಟಣೆ ದಿನಪತ್ರಿಕೆಗಳಲ್ಲಿ ಬರುವುದು ವಿರಳ. ಆಯಾ ಸಂಸ್ಥೆಯ ಅಂತರಜಾಲ ತಾಣದಲ್ಲಿ ಪ್ರಕಟವಾಗಿ, ಕೆಲವೊಮ್ಮೆ ಹತ್ತು ಹದಿನೈದು ದಿನಗಳಲ್ಲಿಯೇ ನೇರ ಸಂದರ್ಶನ ನಡೆದುಬಿಡುತ್ತದೆ. ಆದುದರಿಂದ ಹತ್ತು ಹನ್ನೆರಡು ಸಂಸ್ಥೆಗಳ ಪಟ್ಟಿ ಮಾಡಿಕೊಂಡು ವಾರಕ್ಕೊಮ್ಮೆ ತಪ್ಪದೆ ನೋಡುವ ಅಭ್ಯಾಸ ಬೇಕು. ಖಾಯಂ ಹುದ್ದೆಗಳ ವಿವರ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆಯಲ್ಲಿ ದೊರೆಯುತ್ತದೆ. ಬೆಂಗಳೂರಿನಿಂದ ಕಾರ್ಯನಿರ್ವಹಿಸುವ ಇಂಡಿಯಾ ಬಯೋಸೈನ್ಸ್ ಸಂಸ್ಥೆಯು ದೇಶದ ಜೀವವಿಜ್ಞಾನ ಹುದ್ದೆಗಳ ಮಾಹಿತಿಯನ್ನು ಒಂದೆಡೆ ಒದಗಿಸುತ್ತದೆ.

ಪ್ರಕಟಣೆಗೆ ಕಾಯದೆಯೂ ಹುಡುಕಬಹುದು. ಯಾವ ವಿಜ್ಞಾನಿಗೆ ಹೊಸ ಅನುದಾನ ಮಂಜೂರಾಗಿದೆ, ಯಾರು ಈಚೆಗೆ ಹೊಸದಾಗಿ ಪ್ರಯೋಗಾಲಯ ಆರಂಭಿಸಿದ್ದಾರೆ ಎಂಬುದನ್ನು ಗಮನಿಸಿದರೆ ಕೈಗಳ ಅಗತ್ಯ ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಹೊಸ ಅಂಗಡಿ ತೆರೆದವರಿಗೆ ಆಳು ಬೇಕೆಂಬುದು ಪೇಟೆಗೆ ತಿಳಿದ ಮಾತೇ.

ಆರೋಗ್ಯ ಸಂಶೋಧನೆಯ ವಿಶೇಷ

ಆರೋಗ್ಯ ವಿಜ್ಞಾನಗಳಲ್ಲಿ ಸಂಶೋಧನೆಯೆಂದರೆ ಪ್ರಯೋಗಾಲಯದ ಕೆಲಸವಷ್ಟೇ ಎಂಬ ತಪ್ಪು ತಿಳಿವಳಿಕೆಯಿದೆ. ಚಿಕಿತ್ಸಾ ಪ್ರಯೋಗಗಳ ಸಂಯೋಜಕರು, ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸುವ ಕ್ಷೇತ್ರ ಸಿಬ್ಬಂದಿ, ಅಂಕಿಅಂಶ ತಜ್ಞರು, ಮಾಹಿತಿ ನಿರ್ವಾಹಕರು ಎಲ್ಲರೂ ಇಲ್ಲಿ ಬೇಕಾಗುತ್ತಾರೆ. ದಂತವೈದ್ಯಕೀಯ, ಔಷಧ ವಿಜ್ಞಾನ, ಶುಶ್ರೂಷೆ, ಸಮಾಜಕಾರ್ಯ, ಸಂಖ್ಯಾಶಾಸ್ತ್ರ ಓದಿದವರಿಗೂ ಅವಕಾಶವಿದೆ. 2009ರ ಜೂನ್‌ನಿಂದ ದೇಶದ ಎಲ್ಲ ಚಿಕಿತ್ಸಾ ಪ್ರಯೋಗಗಳನ್ನು ಸಿಟಿಆರ್‌ಐ ನೋಂದಣಿ ಪುಸ್ತಕದಲ್ಲಿ ದಾಖಲಿಸುವುದು ಕಡ್ಡಾಯ. ಈ ಪುಸ್ತಕ ಸಾರ್ವಜನಿಕವಾಗಿದ್ದು, ಯಾವ ಆಸ್ಪತ್ರೆಯಲ್ಲಿ ಯಾವ ಅಧ್ಯಯನ ನಡೆಯುತ್ತಿದೆ ಎಂಬುದನ್ನು ಅದರಿಂದ ತಿಳಿಯಬಹುದು. ಉದ್ಯೋಗಾಕಾಂಕ್ಷಿಗಳು ಇದನ್ನು ಬಳಸುವುದು ಮಾತ್ರ ಕಡಿಮೆ.

ಐಸಿಎಂಆರ್ ತನ್ನ ಯೋಜನಾ ಹುದ್ದೆಗಳನ್ನು ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್ ಮತ್ತು ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ ಎಂಬ ಹೆಸರುಗಳಲ್ಲಿ ಕರೆಯುತ್ತದೆ. ಪ್ರಕಟಣೆ ಹುಡುಕುವಾಗ ಈ ಹೆಸರುಗಳು ತಿಳಿದಿದ್ದರೆ ಅನುಕೂಲ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಿಸ್ತೀಯ ಸಂಶೋಧನಾ ಘಟಕಗಳನ್ನೂ ವೈರಾಣು ಪ್ರಯೋಗಾಲಯಗಳನ್ನೂ ಸ್ಥಾಪಿಸಲು ನೆರವು ನೀಡಿದೆ. ಆದ್ದರಿಂದ ಅವಕಾಶಗಳು ರಾಜಧಾನಿಗೇ ಸೀಮಿತವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಮರುಕಳಿಸುತ್ತಿದೆ. ಅದರ ಪತ್ತೆ ಮತ್ತು ಅಧ್ಯಯನದ ಕೆಲಸ ನಡೆಯಬೇಕಾಗಿರುವುದು ಆ ಪ್ರದೇಶದಲ್ಲಿಯೇ.

ಅರ್ಜಿ ಮತ್ತು ಪತ್ರ

ವಿಜ್ಞಾನಿಗಳಿಗೆ ಪ್ರತಿ ವಾರ ಹಲವಾರು ವಿಚಾರಣಾ ಪತ್ರಗಳು ಬರುತ್ತವೆ. ಹೆಚ್ಚಿನವು ಒಂದೇ ಪತ್ರದ ಪ್ರತಿಗಳು. ನೂರು ಜನರಿಗೆ ಏಕಕಾಲದಲ್ಲಿ ಕಳುಹಿಸಿದವು. ಇವಕ್ಕೆ ಉತ್ತರ ಬರುವುದಿಲ್ಲ. ಆ ವಿಜ್ಞಾನಿಯ ಈಚಿನ ಎರಡು ಪ್ರಬಂಧಗಳನ್ನಾದರೂ ಓದಿ, ಅವುಗಳಲ್ಲಿ ತನಗೆ ಆಸಕ್ತಿ ಹುಟ್ಟಿಸಿದ್ದೇನು, ತನ್ನಲ್ಲಿರುವ ಕೌಶಲವೇನು, ಯಾವಾಗಿನಿಂದ ಸೇರಬಲ್ಲೆ ಎಂಬುದನ್ನು ಒಂದು ಪುಟದೊಳಗೆ ಬರೆದ ಪತ್ರಕ್ಕೆ ಬೆಲೆಯಿದೆ. ವಾರದಲ್ಲಿ ಇಂತಹ ಎರಡು ಪತ್ರಗಳು ನೂರು ಪ್ರತಿಗಳಿಗಿಂತ ಹೆಚ್ಚು ಫಲ ಕೊಡುತ್ತವೆ.

ಸ್ವವಿವರದಲ್ಲಿ ಅಂಕಗಳಿಗಿಂತ ಮಾಡಬಲ್ಲ ಕೆಲಸ ಎದ್ದುಕಾಣಬೇಕು. ಜೀವಕೋಶ ಕೃಷಿ, ಪಿಸಿಆರ್, ಪ್ರೋಟೀನ್ ಶುದ್ಧೀಕರಣ, ಸೂಕ್ಷ್ಮದರ್ಶಕ ಚಿತ್ರಣ ಇವುಗಳಲ್ಲಿ ಸ್ವತಃ ಮಾಡಿದ್ದೆಷ್ಟು, ಕೇವಲ ನೋಡಿದ್ದೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ನಮೂದಿಸಬೇಕು. ಸಂದರ್ಶನದ ಮೊದಲ ಐದು ನಿಮಿಷಗಳಲ್ಲಿ ಇದು ಬಯಲಾಗುತ್ತದೆ. ಸಂಖ್ಯಾಶಾಸ್ತ್ರದ ತಿಳಿವಳಿಕೆ ಹಾಗೂ ಆರ್ ಅಥವಾ ಪೈಥಾನ್‌ನಂತಹ ಗಣಕ ಭಾಷೆಯ ಪರಿಚಯವಿದ್ದವರಿಗೆ ಜೀವವಿಜ್ಞಾನದ ಬಹುತೇಕ ಎಲ್ಲ ಶಾಖೆಗಳಲ್ಲೂ ಬೇಡಿಕೆಯಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಮಾತಿನ ಅಳುಕಿನಿಂದ ಹಿಂಜರಿಯಬೇಕಾಗಿಲ್ಲ. ತಾನು ಮಾಡಿದ ಪ್ರಯೋಗವನ್ನು ಸರಳ ವಾಕ್ಯಗಳಲ್ಲಿ ವಿವರಿಸಲು ನಾಲ್ಕಾರು ಬಾರಿ ಅಭ್ಯಾಸ ಮಾಡಿಕೊಂಡರೆ ಸಾಕು.

ಸೇರುವ ಮುನ್ನ ವಿಚಾರಣೆ

ಸಾಲದ ಮೇಲೆ ಸರಕು ಕೊಡುವ ಮುನ್ನ ಗಿರಾಕಿಯ ಬಗ್ಗೆ ಪೇಟೆಯಲ್ಲಿ ವಿಚಾರಿಸುವ ಪದ್ಧತಿಯಿದೆ. ಪಿಎಚ್.ಡಿ.ಗೆ ಸೇರುವುದೆಂದರೆ ಐದಾರು ವರ್ಷಗಳನ್ನು ಒಬ್ಬ ಮಾರ್ಗದರ್ಶಕರ ಕೈಗೆ ಒಪ್ಪಿಸುವುದು. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಪದವಿ ಪಡೆದರು, ಈಗ ಎಲ್ಲಿದ್ದಾರೆ, ಅರ್ಧದಲ್ಲಿ ಬಿಟ್ಟುಹೋದವರೆಷ್ಟು, ಪ್ರಬಂಧಗಳಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲ ಸ್ಥಾನದಲ್ಲಿ ಬರುತ್ತದೆಯೇ, ಮುಂದಿನ ಮೂರು ವರ್ಷಗಳಿಗೆ ಅನುದಾನ ಇದೆಯೇ ಎಂಬುದನ್ನು ಅಲ್ಲಿ ಈಗ ಇರುವವರನ್ನೂ ಬಿಟ್ಟುಹೋದವರನ್ನೂ ಕೇಳಿ ತಿಳಿಯಬೇಕು. ಯುಜಿಸಿಯ 2022ರ ನಿಯಮಗಳಂತೆ ಪಿಎಚ್.ಡಿ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ವಿಸ್ತರಣೆ ಬೇರೆ.

ಮೋಸದ ಜಾಲಗಳೂ ಇವೆ. ಸಂಶೋಧನಾ ಹುದ್ದೆ ಕೊಡಿಸುವುದಾಗಿ ಠೇವಣಿ ಕೇಳುವವರು, ಹಣ ಪಡೆದು ಪ್ರಬಂಧ ಬರೆದುಕೊಡುವವರು, ಪರಿಶೀಲನೆಯಿಲ್ಲದೆ ಶುಲ್ಕಕ್ಕಾಗಿಯೇ ಪ್ರಕಟಿಸುವ ಪತ್ರಿಕೆಗಳು ಇವುಗಳಿಂದ ದೂರವಿರಬೇಕು. ಪತ್ರಿಕೆಗಳ ಗುಣಮಟ್ಟಕ್ಕಾಗಿ ಯುಜಿಸಿ ನಿರ್ವಹಿಸುತ್ತಿದ್ದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದ್ದು, ಒಳ್ಳೆಯ ಪತ್ರಿಕೆಯನ್ನು ಗುರುತಿಸುವ ಹೊಣೆ ಈಗ ಸಂಸ್ಥೆಗಳ ಹಾಗೂ ಸಂಶೋಧಕರ ಮೇಲೆಯೇ ಬಿದ್ದಿದೆ. ಹಣಕೊಟ್ಟು ಪ್ರಕಟಿಸಿದ ನಾಲ್ಕು ಪ್ರಬಂಧಗಳು ಆಯ್ಕೆ ಸಮಿತಿಯ ಮುಂದೆ ಅನುಕೂಲಕ್ಕಿಂತ ಹಾನಿಯನ್ನೇ ಮಾಡುತ್ತವೆ.

ಪಿಎಚ್.ಡಿ. ಅನಂತರ

2023ರ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಯ್ದೆಯಂತೆ ರಚಿತವಾದ ಅನುಸಂಧಾನ ಪ್ರತಿಷ್ಠಾನದಲ್ಲಿ ಹಿಂದಿನ ಎಸ್‌ಇಆರ್‌ಬಿ ವಿಲೀನಗೊಂಡಿದೆ. ಎರಡು ವರ್ಷಗಳ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಯೋಜನೆ ಅದರಡಿ ಮುಂದುವರಿದಿದೆ. ಆರೋಗ್ಯ ಸಂಶೋಧನೆಗೆ 2008ರಲ್ಲಿ ಸ್ಥಾಪಿತವಾದ ಡಿಬಿಟಿ-ವೆಲ್‌ಕಮ್ ಟ್ರಸ್ಟ್ ಇಂಡಿಯಾ ಅಲೈಯನ್ಸ್‌ನ ಫೆಲೋಶಿಪ್‌ಗಳು ಪ್ರತಿಷ್ಠಿತವಾದವು. ವಿದೇಶದಲ್ಲಿರುವ ಭಾರತೀಯ ಸಂಶೋಧಕರು ಮರಳಿ ಬರಲು ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್ ಇದೆ.

ವಿದೇಶಕ್ಕೆ ಹೋಗುವವರು ಅಲ್ಲಿನ ಹಣದ ಮೂಲವನ್ನೂ ಇದೇ ರೀತಿ ವಿಚಾರಿಸಬೇಕು. ಜರ್ಮನಿಯಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಹಲವೆಡೆ ನೌಕರಿಯ ಕರಾರಿನ ಮೇಲೆ ನೇಮಿಸಿಕೊಳ್ಳುತ್ತಾರೆ. ಯುರೋಪಿನ ಮರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಫೆಲೋಶಿಪ್‌ಗಳಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಅಮೆರಿಕದಲ್ಲಿ 2025ರಲ್ಲಿ ಆರೋಗ್ಯ ಸಂಶೋಧನೆಯ ಅನುದಾನಗಳಲ್ಲಿ ಕಡಿತವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶವೂ ಹೊರಬಿದ್ದಿತು. ಆದುದರಿಂದ ವೀಸಾದ ಬಗೆ, ಕರಾರಿನ ಅವಧಿ, ಅನುದಾನದ ಮೂಲ ಇವುಗಳನ್ನು ಬರಹದಲ್ಲಿ ತಿಳಿದುಕೊಂಡೇ ಮುಂದುವರಿಯಬೇಕು.

ಕುಟುಂಬದ ಲೆಕ್ಕ

2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ. ಎಸ್‌ಆರ್‌ಎಫ್ 42,000 ರೂಪಾಯಿ. ಮೊದಲ ಎರಡು ವರ್ಷಗಳಿಗೆ 8,88,000 ರೂಪಾಯಿ, ಮುಂದಿನ ಮೂರು ವರ್ಷಗಳಿಗೆ 15,12,000 ರೂಪಾಯಿ, ಒಟ್ಟು 24 ಲಕ್ಷ ರೂಪಾಯಿ. ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಪಿಎಚ್.ಡಿ. ಅನಂತರದ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಇದೇ ಪರಿಷ್ಕರಣೆಯಂತೆ 58,000 ರೂಪಾಯಿಯಿಂದ 67,000 ರೂಪಾಯಿವರೆಗೆ ನಿಗದಿಯಾಗಿದೆ. ಒಬ್ಬರು ಮಿತವ್ಯಯದಿಂದ ಬಾಳಲು ಇದು ಸಾಕಾಗುತ್ತದೆ. ಮನೆಯ ಸಾಲ ತೀರಿಸಲು ಸಾಲದು.

ಫೆಲೋಶಿಪ್ ಹಣ ತಡವಾಗಿ ಬರುವುದು ಸಂಶೋಧಕರ ಹಳೆಯ ದೂರು. ಮೊತ್ತ ಹೆಚ್ಚಿಸಬೇಕೆಂದು ದೇಶದಾದ್ಯಂತ ಸಂಶೋಧಕರು 2018ರಲ್ಲಿ ಚಳವಳಿ ನಡೆಸಿದ ಬಳಿಕವೇ 2019ರ ಪರಿಷ್ಕರಣೆ ಬಂದಿತು. ಆರು ತಿಂಗಳ ಖರ್ಚಿಗಾಗುವಷ್ಟು ಮೊತ್ತವನ್ನು ಕುಟುಂಬವು ಮೊದಲೇ ತೆಗೆದಿರಿಸಿದರೆ ಮಕ್ಕಳು ಹಣದ ಚಿಂತೆಯಿಂದ ಕೆಲಸ ಬಿಡುವ ಪ್ರಮೇಯ ಬರುವುದಿಲ್ಲ.

ವಯಸ್ಸಿನ ಲೆಕ್ಕವನ್ನೂ ಬರೆದಿಟ್ಟುಕೊಳ್ಳಬೇಕು. 23ನೆಯ ವಯಸ್ಸಿನಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ವರ್ಷದೊಳಗೆ ಪಿಎಚ್.ಡಿ.ಗೆ ಸೇರಿದವರು 29 ಅಥವಾ 30ಕ್ಕೆ ಪದವಿ ಪಡೆಯುತ್ತಾರೆ. ಪೋಸ್ಟ್ ಡಾಕ್ಟರಲ್ ಅವಧಿ ಮುಗಿಯುವಾಗ 33 ಆಗಿರುತ್ತದೆ. ಖಾಯಂ ಹುದ್ದೆಯ ಮಾತು ಅಲ್ಲಿಂದ ಮುಂದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯ ಒತ್ತಡ ಬರುವುದೂ ಇದೇ ವರ್ಷಗಳಲ್ಲಿ. ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ನೋಂದಣಿ ಅರ್ಧಕ್ಕೆ ನಿಲ್ಲುತ್ತದೆ. ಸಂಬಂಧ ಕುದುರಿಸುವಾಗಲೇ ಸಂಶೋಧನೆಯ ಅವಧಿಯನ್ನು ಎರಡೂ ಮನೆಯವರಿಗೆ ಸ್ಪಷ್ಟಪಡಿಸುವುದು ಒಳಿತು. ವಿರಾಮದ ಬಳಿಕ ಮರಳುವ ಮಹಿಳೆಯರಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯಡಿ ಫೆಲೋಶಿಪ್‌ಗಳಿವೆ ಎಂಬುದೂ ತಿಳಿದಿರಬೇಕು.

ಒಂದು ಗಡುವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ವಿವೇಕ. ಎಂ.ಎಸ್ಸಿ. ಮುಗಿದ ಎರಡು ವರ್ಷಗಳಲ್ಲಿ ಫೆಲೋಶಿಪ್ ಅಥವಾ ಪಿಎಚ್.ಡಿ. ನೋಂದಣಿ ದೊರೆಯದಿದ್ದರೆ ದಾರಿ ಬದಲಿಸುವ ಬಗ್ಗೆ ಯೋಚಿಸಬೇಕು. ಗುತ್ತಿಗೆ ಸಂಶೋಧನಾ ಕಂಪನಿಗಳು, ಔಷಧ ತಯಾರಿಕೆಯ ಗುಣನಿಯಂತ್ರಣ ವಿಭಾಗಗಳು, ಚಿಕಿತ್ಸಾ ಪ್ರಯೋಗಗಳ ನಿರ್ವಹಣೆ, ಪೇಟೆಂಟ್ ಕಾರ್ಯ, ವೈದ್ಯಕೀಯ ಬರವಣಿಗೆ ಇವೆಲ್ಲ ಅದೇ ವಿದ್ಯೆಯನ್ನು ಬಳಸುವ ಉದ್ಯೋಗಗಳು. ಇವುಗಳಿಗೆ ಹೋಗುವುದನ್ನು ಸೋಲೆಂದು ಎಣಿಸಬಾರದು. ನಿಂತ ಸರಕನ್ನು ಸಕಾಲದಲ್ಲಿ ಬೇರೆ ಪೇಟೆಗೆ ಸಾಗಿಸುವವನು ಜಾಣ ವ್ಯಾಪಾರಿ.

ಉದ್ದಿಮೆಗಳ ಪಾಲು

ಈ ವಿಷಯದಲ್ಲಿ ಉದ್ದಿಮೆದಾರರು ಹೆತ್ತವರಾಗಿಯಷ್ಟೇ ಇರಬೇಕಾಗಿಲ್ಲ. ಆಹಾರ ಸಂಸ್ಕರಣೆ, ಮಸಾಲೆ, ಔಷಧ, ಸೌಂದರ್ಯವರ್ಧಕ, ಪಶು ಆಹಾರ ತಯಾರಿಸುವ ಸಣ್ಣ ಘಟಕಗಳು ಸಮೀಪದ ಕಾಲೇಜಿನ ವಿದ್ಯಾರ್ಥಿಗಳಿಗೆ ಆರು ತಿಂಗಳ ಯೋಜನಾ ಕೆಲಸ ನೀಡಿದರೆ ಘಟಕದ ಒಂದು ಸಮಸ್ಯೆಗೆ ಪರೀಕ್ಷೆ ನಡೆಯುತ್ತದೆ. ವಿದ್ಯಾರ್ಥಿಯ ಸ್ವವಿವರಕ್ಕೂ ಬಲ ಬರುತ್ತದೆ. ಸಿಎಫ್‌ಟಿಆರ್‌ಐ ತನ್ನ ಆಹಾರ ತಂತ್ರಜ್ಞಾನಗಳನ್ನು ಸಣ್ಣ ಉದ್ದಿಮೆಗಳಿಗೂ ಪರವಾನಗಿಯ ಮೇಲೆ ನೀಡುತ್ತ ಬಂದಿದೆ. ಸ್ವಂತ ಕಲ್ಪನೆಯಿರುವ ಯುವ ಸಂಶೋಧಕರಿಗೆ ಬೈರಾಕ್ ಸಂಸ್ಥೆಯ ಬಯೋಟೆಕ್ನಾಲಜಿ ಇಗ್ನಿಷನ್ ಗ್ರಾಂಟ್ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಪ್ರಯೋಗಾಲಯದಿಂದ ಹೊರಬಂದ ಮಗ ಅಥವಾ ಮಗಳು ಮನೆಯ ಉದ್ದಿಮೆಗೇ ಹೊಸ ಶಾಖೆಯೊಂದನ್ನು ಸೇರಿಸುವ ಸಾಧ್ಯತೆಯನ್ನೂ ಅಲ್ಲಗಳೆಯಲಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಉದ್ಯಮಿಯಾದ ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪ ಮತ್ತು ದಾನದಿಂದ, ಮೈಸೂರು ಸಂಸ್ಥಾನ ನೀಡಿದ 371 ಎಕರೆ ಭೂಮಿಯ ಮೇಲೆ, 1909ರಲ್ಲಿ ರೂಪುಗೊಂಡಿತು. ವಾಣಿಜ್ಯಕ್ಕೂ ವಿಜ್ಞಾನಕ್ಕೂ ಈ ನಾಡಿನಲ್ಲಿ ನಂಟು ಹಳೆಯದು. ಅಂದಿನ ಉದ್ಯಮಿಯು ಸಂಸ್ಥೆಗೆ ಹಣ ಕೊಟ್ಟರೆ ಇಂದಿನ ಸಣ್ಣ ವ್ಯಾಪಾರಿಯು ಮಕ್ಕಳ ಹತ್ತು ವರ್ಷಗಳನ್ನು ಕೊಡುತ್ತಿದ್ದಾನೆ. ಅದೂ ದೊಡ್ಡ ಹೂಡಿಕೆಯೇ. ಹಣ ಯಾರದು, ಅವಧಿ ಎಷ್ಟು, ಉಳಿಯುವುದೇನು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಮೆಟ್ಟಿಲಿನಲ್ಲಿಯೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಮುಂದುವರಿದರೆ ಆ ಹೂಡಿಕೆ ವ್ಯರ್ಥವಾಗದಂತೆ ನೋಡಿಕೊಳ್ಳಬಹುದು.